ನಮ್ಮ ಮನೆಯವರ ಮುಖ ಓದಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮುಖ ನೋಡಿ ಮನಸ್ಸು ಓದುವುದು ಹೇಗೆ ಅಂತ ಒಂದು ಲೇಖನ ಬಂದಿತ್ತು. ಎದುರಿಗಿರುವವರ ಒಳಗನ್ನು ತಿಳಿಯಲು ಐದು ಸೂತ್ರ ಕೊಟ್ಟಿದ್ದಾರೆ. ಕಣ್ಣು ಮಿಟುಕಿಸದೆ ದಿಟ್ಟಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ. ಮುಖ ಅಲುಗಾಡದಿದ್ದರೆ ನಿಮ್ಮ ಮಾತು ಅವರಿಗೆ ಬೇಕಾಗಿಲ್ಲ. ಕಣ್ಣಂಚಿನಲ್ಲಿ ಸುಕ್ಕು ಬೀಳದ ನಗು ನಾಟಕ. ದನಿಯಲ್ಲಿ ಏರಿಳಿತ ಇಲ್ಲದಿದ್ದರೆ ಒಳಗೆ ಸಿಟ್ಟು. ಕೈ ನಡುಗಿದರೆ ಸುಳ್ಳು. ಓದಿ ಮುಗಿಸಿ ಎದುರು ಕುರ್ಚಿಯಲ್ಲಿ ಕೂತಿದ್ದ ನಮ್ಮ ಮನೆಯವರನ್ನು ನೋಡಿದೆ. ಐದಕ್ಕೆ ಐದೂ ಸರಿಹೋಯಿತು. ಅಂದರೆ ನಿಮ್ಮ ಲೇಖಕರ ಲೆಕ್ಕದಲ್ಲಿ ನಾನು 41 ವರ್ಷದಿಂದ ಒಬ್ಬ ಸುಳ್ಳುಗಾರನ ಜೊತೆ ಸಂಸಾರ ಮಾಡುತ್ತಿದ್ದೇನೆ. ಅದೂ ಸದಾ ನನ್ನ ಮೇಲೆ ಸಿಟ್ಟಿರುವ ಸುಳ್ಳುಗಾರ!

ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಪತ್ತೆಯಾಗಿ 9 ವರ್ಷ ಆಯಿತು.

ಅದು ಕೈ ನಡುಗುವ ಕಾಯಿಲೆ ಅಂತ ಎಲ್ಲರಿಗೂ ಗೊತ್ತು. ಮುಖಕ್ಕೂ ಬರುವ ಕಾಯಿಲೆ ಅಂತ ಗೊತ್ತಿರುವವರು ಕಡಿಮೆ. ಮಿದುಳಿನ ಆಳದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಮೆಲ್ಲಗೆ ಸಾಯುತ್ತಾ ಬರುತ್ತವೆ. ಆಗ ನಾವು ಯೋಚನೆ ಮಾಡದೆ ಮಾಡುವ ಸಣ್ಣಪುಟ್ಟ ಚಲನೆಗಳು ಕಳಚಿಕೊಳ್ಳುತ್ತವೆ. ನಡೆಯುವಾಗ ಕೈ ಬೀಸುವುದು. ಮಾತು ಕೇಳುತ್ತಾ ಹುಬ್ಬು ಏರಿಸುವುದು. ಕಣ್ಣು ಮಿಟುಕಿಸುವುದು. ಸಾಮಾನ್ಯವಾಗಿ ಮನುಷ್ಯರು ನಿಮಿಷಕ್ಕೆ 15-20 ಸಲ ಕಣ್ಣು ಮಿಟುಕಿಸುತ್ತಾರಂತೆ. ಒಮ್ಮೆ ಗಡಿಯಾರ ಹಿಡಿದುಕೊಂಡು ಕೂತು ಇವರದ್ದು ಎಣಿಸಿದೆ. 6 ಸಲ. ದನಿಯೂ ಹಾಗೇ, ತಗ್ಗಿ ಒಂದೇ ಮಟ್ಟದಲ್ಲಿ ಹರಿಯುತ್ತದೆ. ಈ ಮುಖಕ್ಕೆ ಡಾಕ್ಟರುಗಳು 'ಮಾಸ್ಕ್ಡ್ ಫೇಸ್' ಅನ್ನುತ್ತಾರೆ. ನನಗೆ ಆ ಹೆಸರು ಹಿಡಿಸಿಲ್ಲ. ಮಾಸ್ಕ್ ಅಂದರೆ ಬೇಕು ಅಂತಲೇ ಹಾಕಿಕೊಂಡದ್ದು ಅಂತ ಆಗುತ್ತದೆ, ಅಲ್ವಾ?

ನಿಮ್ಮ ಲೇಖಕರನ್ನು ಬಯ್ಯುವ ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. ಕಾಯಿಲೆ ಪತ್ತೆಯಾಗುವ ಮುಂಚಿನ ಎರಡು ವರ್ಷ ನಮ್ಮ ಮನೆಯಲ್ಲಿ ಬರೀ ಜಗಳ. ನಾನು ಏನಾದರೂ ಹೇಳಿದರೆ ಇವರು ಗೋಡೆಯ ಹಾಗೆ ನೋಡುತ್ತಿದ್ದರು. 'ಯಾಕೆ ಮುಖ ಗಂಟು ಹಾಕಿಕೊಂಡಿದ್ದೀರಿ?' ಅಂತ ನಾನು. 'ಎಲ್ಲಿ ಹಾಕಿಕೊಂಡಿದ್ದೀನಿ?' ಅಂತ ಅವರು. ಇಬ್ಬರೂ ಹೇಳಿದ್ದು ನಿಜವೇ. ಅವರ ಮಟ್ಟಿಗೆ ಅವರು ನಗುತ್ತಲೇ ಇದ್ದರು, ಸುದ್ದಿ ಮುಖದವರೆಗೆ ಬರುತ್ತಿರಲಿಲ್ಲ. ಮಗಳು ಫೋನಿನಲ್ಲಿ ವಿಡಿಯೊ ಹಾಕಿಕೊಂಡು ತಾನು ಬಸುರಿ ಅಂತ ಹೇಳಿದಳು. ಇವರು ಕರೆಂಟು ಬಿಲ್ ನೋಡುವವರ ಹಾಗೆ ಅವಳನ್ನು ನೋಡಿದರು. ಅವಳು ಅತ್ತುಬಿಟ್ಟಳು. ಆ ರಾತ್ರಿ ನಾನು ಶುರುಮಾಡಿದ ಮೌನ 11 ದಿನ ನಡೆಯಿತು. ಆ 11 ದಿನವನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ಕೊನೆಗೆ ಕೈ ನಡುಗಲು ಶುರುವಾದ ಮೇಲೆ ನರರೋಗದ ಡಾಕ್ಟರ ಹತ್ತಿರ ಹೋದೆವು. ಅವರು ಹಳೇ ಫೋಟೊ ಇದ್ದರೆ ತನ್ನಿ ಅಂದರು. ಆಲ್ಬಮ್ ಹೊತ್ತುಕೊಂಡು ಹೋದೆ. ಪುಟ ತಿರುಗಿಸುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ನಗು ಸಣ್ಣದಾಗುತ್ತಾ ಬಂದಿದೆ. ಕೊನೆಯ ಮೂರು ಫೋಟೊಗಳಲ್ಲಿ ಇಲ್ಲವೇ ಇಲ್ಲ. ದಿನಾ ಎದುರಿಗೇ ಕೂತವಳಿಗೆ ಕಾಣದ್ದು ಆ ಡಾಕ್ಟರಿಗೆ ಎರಡು ನಿಮಿಷದಲ್ಲಿ ಕಂಡಿತು. (ಪಾಸ್‌ಪೋರ್ಟ್ ಫೋಟೊ ತೆಗೆಸುವಾಗ ಮಾತ್ರ ಇವರು ಮೊದಲನೇ ಕ್ಲಿಕ್ಕಿಗೇ ಪಾಸು. ಅಲ್ಲಿ ನಗಬಾರದಲ್ಲ.)

ಇನ್ನು ನನ್ನ ಕಸುಬಿನ ಮಾತು. ನಾನು 31 ವರ್ಷ ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿದ್ದೆ. ಸಾಕ್ಷಿಕಟ್ಟೆಯಲ್ಲಿ ನಿಂತವರ ಮಾತನ್ನು ಬರೆದುಕೊಳ್ಳುವುದು ಕೆಲಸ. ಮುಖ ಬರೆದುಕೊಳ್ಳಲು ಶಾರ್ಟ್‌ಹ್ಯಾಂಡಿನಲ್ಲಿ ಗುರುತು ಇಲ್ಲ. ಆದರೂ ನೋಡುತ್ತಿದ್ದೆನಲ್ಲ, ಹೊಸದರಲ್ಲಿ ಒಳಗೊಳಗೇ ತೀರ್ಪು ಕೊಟ್ಟುಬಿಡುತ್ತಿದ್ದೆ. ಬೆವರಿದವನು ಸುಳ್ಳುಗಾರ. ಕಣ್ಣು ತಪ್ಪಿಸಿದವಳು ಏನೋ ಬಚ್ಚಿಟ್ಟಿದ್ದಾಳೆ. ಒಂದು ವರ್ಷ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಆಮೇಲೆ ದಾಖಲೆಗಳು ಬಂದಾಗ ನನ್ನ ಊಹೆ ಸರಿಯೋ ತಪ್ಪೋ ಅಂತ ಇನ್ನೊಂದು ಗುರುತು. ತೊದಲಿ, ಸೆರಗಿನಿಂದ ಹತ್ತು ಸಲ ಮುಖ ಒರೆಸಿಕೊಂಡ ಒಬ್ಬ ಹೆಂಗಸಿನ ಪ್ರತಿ ಮಾತೂ ಕಾಗದಪತ್ರಕ್ಕೆ ಸರಿಯಾಗಿ ಕೂತಿತು. ನೇರವಾಗಿ ನೋಡಿ, ನಗುಮುಖದಿಂದ, ಬೆಣ್ಣೆ ಸವರಿದ ಹಾಗೆ ಮಾತಾಡಿದ ಒಬ್ಬ ದೊಡ್ಡ ಮನುಷ್ಯನ ಸಹಿ ನಕಲಿ. ವರ್ಷದ ಕೊನೆಗೆ ಕೂಡಿಸಿದರೆ ಅರ್ಧಕ್ಕಿಂತ ಒಂದೆರಡು ಜಾಸ್ತಿ ಸರಿಯಿದ್ದವು, ಅಷ್ಟೇ. ಬೇಜಾರಾಗಿ ಗುರುತು ಹಾಕುವುದನ್ನು ಬಿಟ್ಟೆ.

ಇದು ನನ್ನೊಬ್ಬಳ ದಡ್ಡತನ ಅಂದುಕೊಂಡಿದ್ದೆ. ಇವರ ಕಾಯಿಲೆ ಬಂದ ಮೇಲೆ ಮುಖದ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಟಿಪ್ಪಣಿ ಮಾಡಿಕೊಳ್ಳುವುದಂತೂ ಹುಟ್ಟುಗುಣ. 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಸುಳ್ಳು ಪತ್ತೆ ಮಾಡುವ ಬಗ್ಗೆ ಅದುವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಆ ಪ್ರಯೋಗಗಳಲ್ಲಿ ತೀರ್ಪು ಕೊಟ್ಟವರು 24,000ಕ್ಕೂ ಹೆಚ್ಚು ಜನ. ಯಾವ ಉಪಕರಣವೂ ಇಲ್ಲದೆ, ಬರೀ ನೋಡಿ ಕೇಳಿ ಅವರು ಸರಿಯಾಗಿ ಹೇಳಿದ್ದು 100ಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ನನ್ನ ಪೆನ್ಸಿಲ್ ಗುರುತುಗಳಿಗೆ ಆವತ್ತು ಮರ್ಯಾದೆ ಬಂತು.

ನಿಮ್ಮ ಲೇಖಕರು ಪಾಲ್ ಎಕ್ಮನ್ ಹೆಸರು ಹೇಳಿದ್ದಾರೆ. ಸರಿ. ಆತ ಮುಖದ ಅಧ್ಯಯನದಲ್ಲಿ ದೊಡ್ಡ ಹೆಸರೇ. ಆದರೆ ಎಕ್ಮನ್ ಕೂಡ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಮುಖದಲ್ಲಿ ಹೆದರಿಕೆ ಕಂಡರೆ ಹೆದರಿಕೆ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಸಿಕ್ಕಿಬೀಳುತ್ತೇನೆ ಅನ್ನುವ ಕಳ್ಳನ ಹೆದರಿಕೆ, ನನ್ನನ್ನು ಯಾರೂ ನಂಬುವುದಿಲ್ಲ ಅನ್ನುವ ಪಾಪದವನ ಹೆದರಿಕೆ, ಎರಡೂ ನೋಡಲಿಕ್ಕೆ ಒಂದೇ. ಸೆರಗಿನಿಂದ ಮುಖ ಒರೆಸಿಕೊಂಡ ಆ ಹೆಂಗಸು ಇದನ್ನು ಓದಿದಾಗ ನೆನಪಿಗೆ ಬಂದಳು. ಲೇಖನದಲ್ಲಿ ಈ ಮಾತು ಬಿಟ್ಟುಹೋಗಿದೆ.

ಮಾತಿನಲ್ಲಿ ಅರ್ಥ ಬರೀ 7 ಪರ್ಸೆಂಟ್, ದನಿಯಲ್ಲಿ 38, ಮುಖದಲ್ಲಿ 55 ಅಂತಲೂ ಬರೆದಿದ್ದಾರೆ. ಇದು ಓದಿ ನಗು ಬಂತು. ಹಾಗಿದ್ದರೆ ನಾನು 31 ವರ್ಷ ಬರೆದುಕೊಂಡದ್ದು 7 ಪರ್ಸೆಂಟ್ ನ್ಯಾಯವೇ? ಆ ಅಂಕಿಗಳು ಬಂದದ್ದು 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಃಶಾಸ್ತ್ರಜ್ಞರು ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ, ಹೇಳಿದವರಿಗೆ ಇಷ್ಟವೋ ಇಷ್ಟವಿಲ್ಲವೋ ಊಹಿಸಿ ಅಂದಿದ್ದರು. ಒಂದರಲ್ಲಿ ಇದ್ದ ಪದ 'ಇರಬಹುದು' ಅನ್ನುವುದೊಂದೇ, ಜೊತೆಗೆ ಮುಖದ ಫೋಟೊಗಳು. ಇಷ್ಟ-ಕಷ್ಟ ಹೇಳುವ ಮಾತಿಗೆ ಬಿಟ್ಟು ಬೇರೆ ಕಡೆ ಈ ಲೆಕ್ಕ ಹಾಕಬೇಡಿ ಅಂತ ಮೆಹ್ರಾಬಿಯನ್ ತಾವೇ ಹೇಳಿದ್ದಾರೆ. ಯಾರು ಕೇಳುತ್ತಾರೆ.

ಈಗ ನಗುವಿನ ಸೂತ್ರಕ್ಕೆ ಬರುತ್ತೇನೆ. ನನಗೆ ಜಾಸ್ತಿ ಉರಿದದ್ದು ಇದೇ.

ಡ್ಯುಶೆನ್ ಅಂತ ಒಬ್ಬ ಫ್ರೆಂಚ್ ಡಾಕ್ಟರ್ ಇದ್ದ. ಮುಖದ ಸ್ನಾಯುಗಳಿಗೆ ಸಣ್ಣ ಕರೆಂಟು ಕೊಟ್ಟು ಒಂದೊಂದನ್ನೇ ಎಳೆಸಿ ಫೋಟೊ ತೆಗೆಸುತ್ತಿದ್ದ. 1862ರಲ್ಲಿ ಅದನ್ನೆಲ್ಲ ಪ್ರಕಟಿಸಿದ. ಅವನಿಗೆ ಬಹಳ ಅನುಕೂಲವಾಗಿದ್ದವನು ಬೊಚ್ಚುಬಾಯಿಯ ಒಬ್ಬ ಮುದುಕ. ಆ ಮುದುಕನ ಮುಖದಲ್ಲಿ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಕರೆಂಟು ತಾಗಿದರೂ ನೋವಿಲ್ಲ. ಕೆನ್ನೆಯ ಸ್ನಾಯುವಿಗೆ ಕರೆಂಟು ಕೊಟ್ಟರೆ ತುಟಿ ನಗುತ್ತಿತ್ತು, ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು. ಡ್ಯುಶೆನ್ ಅಲ್ಲಿಂದ ಒಂದು ತೀರ್ಮಾನಕ್ಕೆ ಬಂದ. ತುಟಿಯ ನಗು ಮನಸ್ಸು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ. 1872ರಲ್ಲಿ ಡಾರ್ವಿನ್ ಕೂಡ ಆ ಫೋಟೊಗಳನ್ನು ತನ್ನ ಪುಸ್ತಕಕ್ಕೆ ಬಳಸಿಕೊಂಡ. ಇವತ್ತಿಗೂ ಕಣ್ಣಂಚು ಸುಕ್ಕಾಗುವ ನಗುವನ್ನು ಡ್ಯುಶೆನ್ ನಗು ಅಂತಲೇ ಕರೆಯುತ್ತಾರೆ. ಆ ಸುಕ್ಕನ್ನು ಬೇಕೆಂತಲೇ ತಂದುಕೊಳ್ಳಬಲ್ಲವರು ಬೇಕಾದಷ್ಟು ಜನ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ಏನಾಗುತ್ತದೆ ಗೊತ್ತೇ? ಪಾರ್ಕಿನ್ಸನ್ನಿನಲ್ಲಿ ತಾನಾಗಿ ಉಕ್ಕುವ ನಗುವಿಗೇ ಹೆಚ್ಚು ಪೆಟ್ಟು. ಬೇಕು ಅಂತ ಪ್ರಯತ್ನ ಮಾಡಿ ನಕ್ಕರೆ ಅಷ್ಟಿಷ್ಟು ಬರುತ್ತದೆ. ಹಾಗಾಗಿ ಇವರು ನಗುವುದೆಲ್ಲ ಪ್ರಯತ್ನ ಮಾಡಿಯೇ. ಯಾರಾದರೂ ಮನೆಗೆ ಬಂದರೆ, ಬಂದದ್ದು ಖುಷಿಯಾದರೆ, ಇವರು ಮನಸ್ಸಿನಲ್ಲೇ 'ಈಗ ನಗಬೇಕು' ಅಂತ ಹೇಳಿಕೊಂಡು ತುಟಿಯ ಎರಡೂ ಕೊನೆಯನ್ನು ಎಳೆಯುತ್ತಾರೆ. ಕಣ್ಣು ಅಲುಗಾಡುವುದಿಲ್ಲ. ಬಂದವರ ಮೇಲಿನ ಪ್ರೀತಿಗೆ ಒಬ್ಬ ಮನುಷ್ಯ ಅಷ್ಟು ಕಷ್ಟಪಟ್ಟು ನಗುತ್ತಾನೆ, ನಿಮ್ಮ ಪುರವಣಿ ಅದಕ್ಕೆ ನಾಟಕದ ನಗು ಅನ್ನುತ್ತದೆ. ಸ್ನೇಹಿತರೊಬ್ಬರು ತೀರಿಕೊಂಡಾಗ ಇವರು ಅವರ ಮನೆಯಲ್ಲಿ ಮೂರು ಗಂಟೆ ಕೂತಿದ್ದರು. ಹಿಂದಿನಿಂದ ಯಾರೋ 'ಒಂದು ಚೂರೂ ದುಃಖ ಇಲ್ಲ ನೋಡು' ಅಂದದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಕಿವಿ ಚೆನ್ನಾಗಿಯೇ ಇದೆ.

ಕೈ ನಡುಕದಿಂದಲಾದರೂ ಏನಾದರೂ ಗೊತ್ತಾಗಬಹುದು ಅಂತ ನಾನು ಸ್ವಲ್ಪ ದಿನ ಅದರ ಬೆನ್ನು ಬಿದ್ದಿದ್ದೆ. ಮನಸ್ಸು ಕಲಕಿದರೆ ಬಲಗೈ ಜೋರಾಗಿ ನಡುಗುತ್ತದೆ. ಆದರೆ ಸಿಟ್ಟಿಗೂ ನಡುಗುತ್ತದೆ, ಖುಷಿಗೂ ನಡುಗುತ್ತದೆ, ಕ್ರಿಕೆಟ್ಟಿನ ಕೊನೇ ಓವರಿಗೂ ನಡುಗುತ್ತದೆ. ಕೊನೆಗೆ ಇವರೇ ಒಂದು ಉಪಾಯ ಹೂಡಿದರು. ನಗು ಬಂದಾಗ ಬಾಯಲ್ಲಿ ಹೇಳುತ್ತಾರೆ: 'ನಗ್ತಾ ಇದ್ದೀನಿ.' ಆ ಸಪಾಟು ದನಿಯಲ್ಲಿ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ. ಮೊದಮೊದಲು ನನಗೆ ಅಳು ಬರುತ್ತಿತ್ತು. ಈಗ ಇಬ್ಬರಿಗೂ ಇನ್ನೂ ಜಾಸ್ತಿ ನಗು ಬರುತ್ತದೆ, ಒಬ್ಬಳದ್ದು ಹೊರಗೆ ಕಾಣುತ್ತದೆ.

ಕಾಯಿಲೆ ಇಲ್ಲದವರ ಮುಖ ಓದಬಹುದಲ್ಲ ಅಂತ ನೀವು ಕೇಳಬಹುದು. ಅದನ್ನೂ ಸ್ವಲ್ಪ ನೋಡೋಣ. ಎಕ್ಮನ್ 1960ರ ದಶಕದ ಕೊನೆಗೆ ಪಪುವಾ ನ್ಯೂಗಿನಿಯ ಫೋರೆ ಜನರ ಹತ್ತಿರ ಫೋಟೊ ತೆಗೆದುಕೊಂಡು ಹೋಗಿದ್ದರು. ಹೊರಗಿನವರ ಮುಖಗಳನ್ನು ಹೆಚ್ಚು ಕಂಡೇ ಇರದ ಆ ಜನ ಕೂಡ ಸಂತೋಷ, ದುಃಖ, ಸಿಟ್ಟು, ಹೇಸಿಗೆ ಇವನ್ನು ಬಹಳ ಮಟ್ಟಿಗೆ ಗುರುತಿಸಿದರು. (ಹೆದರಿಕೆ ಮತ್ತು ಅಚ್ಚರಿಯ ನಡುವೆ ಮಾತ್ರ ಗೊಂದಲ ಮಾಡಿಕೊಂಡರು.) ಅದರಿಂದ ಮುಖದ ಭಾಷೆ ಜಗತ್ತಿಗೆಲ್ಲ ಒಂದೇ ಅನ್ನುವ ಮಾತು ಗಟ್ಟಿಯಾಯಿತು. 2016ರಲ್ಲಿ ಕಾರ್ಲೋಸ್ ಕ್ರಿವೆಲ್ಲಿ ಮತ್ತು ಅವರ ಜೊತೆಯವರು ಅದೇ ದೇಶದ ಟ್ರೋಬ್ರಿಯಂಡ್ ದ್ವೀಪಗಳ ಹುಡುಗ ಹುಡುಗಿಯರ ಬಗ್ಗೆ ಬರೆದರು. ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ನಾವು ಹೆದರಿದ ಮುಖ ಅನ್ನುತ್ತೇವೆ. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಇವನು ನಮ್ಮನ್ನು ಹೆದರಿಸುತ್ತಿದ್ದಾನೆ, ಸಿಟ್ಟಾಗಿದ್ದಾನೆ ಅಂದರು. ಆಮೇಲೆ 2019ರಲ್ಲಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಸೇರಿ ಐದು ಜನ ವಿಜ್ಞಾನಿಗಳು 1,000ಕ್ಕೂ ಹೆಚ್ಚು ಸಂಶೋಧನಾ ಬರಹಗಳನ್ನು ಕೂತು ಓದಿದರು. ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು 100ಕ್ಕೆ ಸುಮಾರು 30 ಸಲ. ಉಳಿದ 70 ಸಲ ಅದೇ ಸಿಟ್ಟು ಬೇರೆ ಏನೋ ಮಾಡುತ್ತದೆ. ನಗಬಹುದು, ಅಳಬಹುದು, ಸುಮ್ನೆ ಕೂತಿರಬಹುದು. ಗಂಟಿಕ್ಕಿದ ಹುಬ್ಬಿನ ಹಿಂದೆ ಸಿಟ್ಟೇ ಇರಬೇಕು ಅಂತಲೂ ಇಲ್ಲ. ಏನೋ ಆಳವಾಗಿ ಯೋಚಿಸುತ್ತಿರಬಹುದು. ಹೊಟ್ಟೆನೋವಿರಬಹುದು. ಕನ್ನಡಕ ಮರೆತು ಬಂದಿರಬಹುದು!

ಇನ್ನೊಂದು ಅಧ್ಯಯನ ಹೇಳದೆ ಇರಲಾರೆ, ನಮ್ಮಿಬ್ಬರಿಗೂ ಬಹಳ ಇಷ್ಟ. 2012ರಲ್ಲಿ ಹಿಲ್ಲೆಲ್ ಅವಿಯೆಜರ್ ಮತ್ತು ಜೊತೆಯವರು ಪ್ರಕಟಿಸಿದ್ದು. ಟೆನ್ನಿಸ್ ಆಟಗಾರರು ನಿರ್ಣಾಯಕ ಪಾಯಿಂಟ್ ಗೆದ್ದ, ಸೋತ ಕ್ಷಣದ ಫೋಟೊ ತೆಗೆದುಕೊಂಡರು. ಬರೀ ಮುಖ ಕತ್ತರಿಸಿ ತೋರಿಸಿ, ಇವರಿಗೆ ಆಗಿರುವುದು ಖುಷಿಯೋ ಬೇಜಾರೋ ಹೇಳಿ ಅಂದರು. ಜನರಿಗೆ ಹೇಳಲಾಗಲಿಲ್ಲ. ಮುಖ ಮರೆಮಾಡಿ ಬರೀ ಮೈ ತೋರಿಸಿದಾಗ ಸರಿಯಾಗಿ ಹೇಳಿದರು. ಮಜಾ ಇರುವುದು ಮುಂದೆ. ಇಡೀ ಫೋಟೊ ನೋಡಿ ಸರಿಯಾಗಿ ಹೇಳಿದವರಲ್ಲಿ ಹಲವರು, ಮುಖ ನೋಡಿಯೇ ಗೊತ್ತಾಯಿತು ಅಂದುಕೊಂಡಿದ್ದರು.

ಮುಖಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಲೆ ಎಷ್ಟು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನುವ ಮನಃಶಾಸ್ತ್ರಜ್ಞರು ತಾಯಂದಿರಿಗೆ ಒಂದು ಸಣ್ಣ ಕೆಲಸ ಹೇಳಿದ್ದರು. ಮಗುವಿನ ಜೊತೆ ಆಡುತ್ತಾ ಇದ್ದು, ಒಮ್ಮೆಲೇ ಮುಖವನ್ನು ಕಲ್ಲು ಮಾಡಿಕೊಳ್ಳಿ, ಒಂದೆರಡು ನಿಮಿಷ ಹಾಗೇ ಇರಿ. ಮಗು ಮೊದಲು ನಕ್ಕು ಕರೆಯುತ್ತದೆ. ಕೈ ಚಾಚುತ್ತದೆ. ಆಗಲೂ ಏನೂ ಆಗದಿದ್ದರೆ ಮುಖ ತಿರುಗಿಸಿಕೊಳ್ಳುತ್ತದೆ. ನಮ್ಮ ಮೊಮ್ಮಗಳು ಐದು ತಿಂಗಳವಳಿದ್ದಾಗ ನಮ್ಮ ಮನೆಯ ಹಾಸಿಗೆಯ ಮೇಲೆ ಇದೇ ನಡೆಯಿತು. ಅವಳು ತಾತನ ಕಡೆ ನಕ್ಕಳು, ಕಾದಳು, ಮತ್ತೆ ನಕ್ಕಳು, ಆಮೇಲೆ ಫ್ಯಾನಿನ ಕಡೆ ನೋಡತೊಡಗಿದಳು. ಇವರು ಎದ್ದು ಹೊರಗೆ ಹೋದರು. ಆವತ್ತು ಇವರ ಮುಖದಲ್ಲಿ ಏನೂ ಇರಲಿಲ್ಲ, ಬೆನ್ನಲ್ಲಿ ಎಲ್ಲ ಕಾಣುತ್ತಿತ್ತು. ಬೆನ್ನು ಬಗ್ಗಿರುವುದೂ ಕಾಯಿಲೆಯಿಂದಲೇ ಇರಬಹುದು ಅನ್ನಿ. ಮಾರನೇ ದಿನ ಇವರು ನಾಲಿಗೆಯಿಂದ ಟಕ್ ಟಕ್ ಅಂತ ಕುದುರೆ ಸದ್ದು ಮಾಡಿ ನೋಡಿದರು. ಕೂಸು ಕೇಕೆ ಹಾಕಿತು. ಈಗ ಅವಳಿಗೆ ಒಂಬತ್ತು ತುಂಬಿದೆ. ಮುಖ ನೋಡಿ ಊಹೆ ಮಾಡುವ ಅಭ್ಯಾಸವೇ ಇಲ್ಲ ಅವಳಿಗೆ. ನೇರ ಕೇಳುತ್ತಾಳೆ, 'ತಾತ, ಖುಷಿನಾ ಬೇಜಾರಾ?' ಇಬ್ಬರ ನಡುವೆ ಇದುವರೆಗೆ ತಪ್ಪು ತಿಳಿವಳಿಕೆ ಬಂದದ್ದು ನಾನು ಕಂಡಿಲ್ಲ.

ಲೇಖನದ ಕೊನೆಯಲ್ಲಿ, ಇನ್ನು ಮುಂದೆ ಕೆಲಸದ ಸಂದರ್ಶನಗಳಲ್ಲಿ ಕ್ಯಾಮೆರಾವೇ ಅಭ್ಯರ್ಥಿಯ ಭಾವನೆ ಓದಿ ಅಂಕ ಕೊಡುತ್ತದೆ ಅಂತ ಸಂಭ್ರಮದಿಂದ ಬರೆದಿದ್ದಾರೆ. ಆ ಕ್ಯಾಮೆರಾದ ಮುಂದೆ ಪಾರ್ಕಿನ್ಸನ್ನಿನವರು ಕೂರುತ್ತಾರೆ, ಮುಖದ ಅರ್ಧಕ್ಕೆ ಲಕ್ವ ಹೊಡೆದವರು ಕೂರುತ್ತಾರೆ, ಆಟಿಸಂ ಇರುವ ಮಕ್ಕಳು ದೊಡ್ಡವರಾಗಿ ಕೂರುತ್ತಾರೆ. ಅವರಿಗೆಲ್ಲ ಎಷ್ಟು ಅಂಕ? ಮೈಕ್ರೋಸಾಫ್ಟ್ ಕಂಪನಿ 2022ರಲ್ಲೇ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಓದುವ ಭಾಗವನ್ನು ತೆಗೆಯುವುದಾಗಿ ಹೇಳಿತು. ಯುರೋಪಿನ ಒಕ್ಕೂಟದಲ್ಲಿ 2025ರ ಫೆಬ್ರುವರಿ 2ರಿಂದ ಕೆಲಸದ ಜಾಗದಲ್ಲಿ ಮತ್ತು ಶಾಲಾ ಕಾಲೇಜುಗಳಲ್ಲಿ ಇಂಥ ಯಂತ್ರ ಬಳಸುವಂತಿಲ್ಲ, ಚಿಕಿತ್ಸೆ ಅಥವಾ ಸುರಕ್ಷತೆಯ ಕಾರಣ ಇದ್ದರೆ ಮಾತ್ರ ಬಿಡುತ್ತಾರೆ. ಇದನ್ನು ಒಂದು ಸಾಲಾದರೂ ಹಾಕಬಹುದಿತ್ತು.

ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ವಾರ ಅದೇ ಜಾಗದಲ್ಲಿ, ಅಲುಗಾಡದ ಮುಖ ಕಾಯಿಲೆಯಿಂದಲೂ ಆಗಿರಬಹುದು, ಮನೆಯಲ್ಲಿ ಯಾರದ್ದಾದರೂ ನಗು ಕಾರಣವಿಲ್ಲದೆ ಕಡಿಮೆಯಾಗುತ್ತಾ ಬಂದರೆ ಡಾಕ್ಟರಿಗೆ ತೋರಿಸಿ ಅಂತ ಎರಡು ಸಾಲು ಹಾಕಿ. ನನ್ನ ಹಾಗೆ ಮಾತು ಬಿಟ್ಟು ಕೂತ ಯಾರಾದರೂ ಓದಬಹುದು.

ಪತ್ರದ ಜೊತೆ ಇವರ ಎರಡು ಫೋಟೊ ಇಟ್ಟಿದ್ದೇನೆ. ಒಂದು ಮೊಮ್ಮಗಳು ಮೊದಲ ಸಲ 'ತಾತ' ಅಂದ ದಿನದ್ದು. ಇನ್ನೊಂದು ಇವರ ತಮ್ಮ ತೀರಿಕೊಂಡ ಸುದ್ದಿ ಬಂದ ದಿನದ್ದು. ಯಾವುದು ಯಾವುದು ಅಂತ ನಿಮ್ಮ ಲೇಖಕರನ್ನು ಕೇಳಿ. ಉತ್ತರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದೆ. ಶಾರ್ಟ್‌ಹ್ಯಾಂಡಿನಲ್ಲಿ ಬರೆದಿದ್ದೇನೆ, ಕದ್ದು ನೋಡಿದರೂ ತಿಳಿಯುವುದಿಲ್ಲ. ಫೋಟೊಗಳನ್ನು ದಯವಿಟ್ಟು ವಾಪಸ್ ಕಳಿಸಿ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ಒಬ್ಬ ನಿವೃತ್ತ ಸ್ಟೆನೋಗ್ರಾಫರ್
(ಹೆಸರು ಪ್ರಕಟಿಸಬೇಡಿ)

ತಾ.ಕ.: ಕಳಿಸುವ ಮೊದಲು ಇವರಿಗೆ ಪೂರ್ತಿ ಓದಿ ಹೇಳಿದೆ. ಟೆನ್ನಿಸ್ ಭಾಗ ಚೆನ್ನಾಗಿದೆಯಂತೆ. ಕರೆಂಟು ಬಿಲ್ಲಿನ ಸಾಲು ತೆಗೆದುಬಿಡು ಅಂದರು. ತೆಗೆದಿಲ್ಲ.